ಅಪ್‌ಡೇಟ್: ಕೊನೆಯ ಅಂಕ ಎರಡು ಸಲ ಬರುತ್ತಿದ್ದದ್ದು ಸರಿಹೋಯ್ತು

ಫೈಲಿನಲ್ಲಿ 62, 71, 48, 80, 55 ಅಂತ ಐದೇ ಅಂಕ ಇದ್ದರೂ ನನ್ನ ಸಿ ಪ್ರೋಗ್ರಾಂ ಆರು ಎಣಿಸಿ ಸರಾಸರಿ 61.83 ತೋರಿಸುತ್ತಿದೆ ಅಂತ ನಿನ್ನೆ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು! ನೀವು ಹೇಳಿದ ಹಾಗೆ ಅಂಕಗಳನ್ನು ಒಂದೊಂದಾಗಿ ಓದುವ ಲೂಪಿನೊಳಗೆ, ಓದಿದ್ದನ್ನು ಪರದೆಯಲ್ಲಿ ತೋರಿಸುವ ಪ್ರಿಂಟ್‌ಎಫ್ ಹಾಕಿದೆ. 55 ಎರಡು ಸಲ ಬಂತು. ಲೂಪ್ ಮುಂದುವರಿಯಬೇಕೇ ಅಂತ ನಿರ್ಧರಿಸುವ ವೈಲ್ ಷರತ್ತಿನಲ್ಲಿ, ಫೈಲ್ ಮುಗಿಯಿತೇ ಅಂತ ಹೇಳುವ ಎಫ್‌ಇಒಎಫ್ ಇಟ್ಟಿದ್ದೇ ತಪ್ಪು. ಓದಲು ಹೋಗಿ ಫೈಲಿನ ತುದಿ ತಾಗಿದ ಮೇಲಷ್ಟೇ ಅದು ‘ಮುಗಿಯಿತು’ ಅನ್ನುತ್ತದೆ. 55ರ ನಂತರ ನಾನು ಎಂಟರ್ ಒತ್ತಿದ್ದರಿಂದ ತುದಿ ಇನ್ನೂ ತಾಗಿರಲಿಲ್ಲ; ಹಾಗಾಗಿ ಇನ್ನೊಂದು ಸುತ್ತು ನಡೆದು, ಓದಲು ಹೊಸ ಅಂಕ ಇಲ್ಲದೆ ಹಳೆಯ ಅಂಕವೇ ಮತ್ತೆ ಕೂಡಿಕೊಂಡಿತ್ತು.

ಈಗ ಫೈಲಿನಿಂದ ಅಂಕ ಓದುವ ಎಫ್‌ಸ್ಕ್ಯಾನ್‌ಎಫ್ 1 (ಅಂದರೆ ‘ಒಂದು ಅಂಕ ಓದಿದೆ’) ಅಂತ ಕೊಡುತ್ತಿರುವಷ್ಟು ಹೊತ್ತು ಮಾತ್ರ ಲೂಪ್ ತಿರುಗುತ್ತದೆ. ಸರಾಸರಿ 63.20, ಕೈಲೆಕ್ಕಕ್ಕೆ ಸರಿಯಾಗಿದೆ. ಗೈರಾದವರಿಗೆ ‘ಎಬಿ’ ಅಂತ ಬರೆದಿದ್ದ ಇನ್ನೊಂದು ಫೈಲಿನಲ್ಲಿ ಹಳೆಯ ಲೂಪ್ ನಿಲ್ಲುತ್ತಲೇ ಇರಲಿಲ್ಲ, ಈಗ ಅಲ್ಲೇ ನಿಲ್ಲುತ್ತದೆ. ಅದನ್ನು ದಾಟಿ ಮುಂದೆ ಓದಿಸುವುದು ಬಾಕಿ. ತಾಳ್ಮೆಯಿಂದ ಹೇಳಿಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.