ರೂಟ್ ಕೆನಾಲ್ ಆದ ಹಲ್ಲು ಮತ್ತೆ ನೋವು: ಕೀಳಿಸೋದಾ, ಸ್ಕ್ಯಾನ್ ಮಾಡಿಸೋದಾ?

ಮಂಡ್ಯದ ಹೈದ:
ಮೇಲಿನ ದವಡೆ ಹಲ್ಲಿಗೆ ಮೂರು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಈ ಸಂಕ್ರಾಂತಿಗೆ ಕಬ್ಬು ಸಿಗಿದು ತಿಂದಾಗಿನಿಂದ ಆ ಕಡೆ ಅಗಿದರೆ ನೋವು. ವಸಡಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ಒಡೆದು ಉಪ್ಪುಪ್ಪು ಕೀವು ಬರುತ್ತದೆ, ನಾಲ್ಕು ದಿನ ಆರಾಮ, ಮತ್ತೆ ಅದೇ ಜಾಗದಲ್ಲಿ ಗುಳ್ಳೆ. ಮುದ್ದೆಗೇನೂ ತೊಂದರೆ ಇಲ್ಲ, ಅದನ್ನ ಯಾರು ಅಗಿಯುತ್ತಾರೆ! ಮೊದಲು ಮಾಡಿದವರು ಎಕ್ಸ್‌ರೇ ತೆಗೆದು, ಏನೂ ಕಾಣಿಸುತ್ತಿಲ್ಲ, ಕಿತ್ತು ಇಂಪ್ಲಾಂಟ್ ಹಾಕಿಸಿ ಅಂದರು. ಮೈಸೂರಿನಲ್ಲಿ ಇನ್ನೊಬ್ಬರು ಸಿಬಿಸಿಟಿ ಸ್ಕ್ಯಾನ್ (ಹಲ್ಲಿನ 3ಡಿ ಎಕ್ಸ್‌ರೇ) ಮಾಡಿಸಿಕೊಂಡು ಬನ್ನಿ ಅಂತಾರೆ. ಸುಮ್ನೆ ದುಡ್ಡು ದಂಡನಾ?

ಸರಸ್ವತಿಪುರಂ ಸೊಸೆ:
ನಮ್ಮತ್ತೆಗೂ ಹೀಗೇ ಆಗಿತ್ತು, ಕೆಳಗಿನ ಹಲ್ಲು. ಡಾಕ್ಟರು ಸ್ಕ್ಯಾನ್‌ಗೆ ಮೊದಲೇ ಗುರುತು ಹಾಕಿದ ತೆಳು ಕಡ್ಡಿಯಿಂದ ವಸಡಿನ ಸುತ್ತ ಅಳೆದರು. ಎಲ್ಲ ಕಡೆ ಎರಡು ಮೂರು ಮಿಲಿಮೀಟರ್, ಒಂದೇ ಒಂದು ಕಡೆ ಸರ್ರನೆ ಹತ್ತು ಇಳಿಯಿತು. ಬೇರು ಉದ್ದಕ್ಕೆ ಸೀಳಿರಬೇಕು ಅಂದರು, ಕಿತ್ತು ನೋಡಿದರೆ ಹಾಗೇ ಇತ್ತು. ಮೊದಲು ಅದನ್ನ ಅಳೆಸಿ.

ಪೇಟೆ ಬೀದಿ:
ಮೆಡಿಕಲ್‌ನಲ್ಲಿ ಐದು ದಿನದ ಮಾತ್ರೆ ತಗೊಳ್ಳಿ ಸ್ವಾಮಿ, ಲವಂಗದೆಣ್ಣೆ ಹಚ್ಚಿ. ಸ್ಕ್ಯಾನ್ ಗೀನ್ ಎಲ್ಲ ಬಿಲ್ ಏರಿಸೋಕೆ.

ಹಲ್ಲು ಡಾಕ್ಟರು:
ಪೇಟೆ ಬೀದಿಯವರೇ, ರೂಟ್ ಕೆನಾಲ್ ಆದ ಹಲ್ಲಿನ ಒಳಗೆ ರಕ್ತ ಓಡುವುದಿಲ್ಲ, ಮಾತ್ರೆ ಅಲ್ಲಿಗೆ ಹೇಗೆ ಹೋಗಬೇಕು? ಗುಳ್ಳೆ ಇಳಿಯುತ್ತದೆ, ಒಳಗಿನ ಕೊಳೆ ಹಾಗೇ ಇರುತ್ತದೆ.

ಹೈದರೇ, ನಿಮ್ಮದು ಮೇಲಿನ ಮೊದಲನೇ ದವಡೆ ಹಲ್ಲಾದರೆ ನನಗೆ ಒಂದು ಅನುಮಾನ. ಅದಕ್ಕೆ ಬೇರು ಮೂರು, ಆದರೆ ಕೆನಾಲ್, ಅಂದರೆ ಬೇರಿನೊಳಗಿನ ಸಣ್ಣ ಕೊಳವೆ, ಸಾಮಾನ್ಯವಾಗಿ ನಾಲ್ಕು. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಎರಡು ಇರುತ್ತವೆ, ಎರಡನೆಯದನ್ನು ಎಂಬಿ2 ಅಂತೀವಿ. ಕೂದಲಿನಷ್ಟು ಸಣ್ಣ ಬಾಯಿ, ಬರಿಗಣ್ಣಿಗೆ ತಪ್ಪಿಸಿಕೊಳ್ಳುವುದು ಜಾಸ್ತಿ. ಮಾಮೂಲಿ ಎಕ್ಸ್‌ರೇ ಅಂದರೆ ನೆರಳು, ಒಂದು ಬೇರಿನ ಮೇಲೆ ಇನ್ನೊಂದರ ನೆರಳು ಬಿದ್ದಿರುತ್ತದೆ. ಸಿಬಿಸಿಟಿ ಆದರೆ ಬಾಳೆಕಾಯಿ ಬಜ್ಜಿಗೆ ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆಯಾಗಿ ತೋರಿಸುತ್ತದೆ. ಇಡೀ ದವಡೆಗೆ ಬೇಡ, ಆ ಹಲ್ಲಿನ ಜಾಗಕ್ಕೆ ಮಾತ್ರ ಸಣ್ಣ ಸ್ಕ್ಯಾನ್ ಕೇಳಿ, ವಿಕಿರಣವೂ ಕಮ್ಮಿ. ಒಂದು ಮಾತು, ಒಳಗೆ ತುಂಬಿರುವ ಸಾಮಾನು, ಲೋಹದ ಕ್ಯಾಪ್ ಇವೆಲ್ಲ ಗೆರೆ ಎಳೆದು ಚಿತ್ರ ಕೆಡಿಸುತ್ತವೆ. ಕೂದಲೆಳೆ ಸೀಳು ಸ್ಕ್ಯಾನ್‌ನಲ್ಲಿ ಕಾಣಲೇಬೇಕು ಅಂತಿಲ್ಲ, ಹಾಗಾಗಿ ಸೊಸೆಯವರು ಹೇಳಿದ ಅಳತೆ ಬಹಳ ಮುಖ್ಯ.

ಬಿಟ್ಟುಹೋದ ಕೆನಾಲ್ ಸಿಕ್ಕರೆ ಮೈಕ್ರೋಸ್ಕೋಪ್ ಇಟ್ಟು ಹುಡುಕಿ, ಹೈಪೋಕ್ಲೋರೈಟ್ ಅನ್ನೋ ಕ್ರಿಮಿನಾಶಕ ದ್ರಾವಣದಲ್ಲಿ ಚೆನ್ನಾಗಿ ತೊಳೆದು ಮತ್ತೆ ತುಂಬುತ್ತಾರೆ. ಬಾಯಿಗೆ ರಬ್ಬರ್ ಡ್ಯಾಮ್, ಅಂದರೆ ಎಂಜಲು ಹಲ್ಲಿನೊಳಗೆ ಹೋಗದಂತೆ ತಡೆಯುವ ರಬ್ಬರ್ ಹಾಳೆ, ಹಾಕುತ್ತಾರಾ ಅಂತ ಮೊದಲೇ ಕೇಳಿ, ಇಲ್ಲ ಅಂದರೆ ನಾನಾದರೆ ಎದ್ದು ಬರುತ್ತೇನೆ. ಅದಕ್ಕೂ ಬಗ್ಗದಿದ್ದರೆ ವಸಡು ಬಿಡಿಸಿ ಬೇರಿನ ತುದಿ 3 ಮಿಲಿಮೀಟರ್ ಕತ್ತರಿಸಿ ಎಂಟಿಎ ತುಂಬುವುದಿದೆ. ಎಂಟಿಎ 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು, ಒಂಥರಾ ಸಿಮೆಂಟೇ, ತೇವದಲ್ಲೂ ಗಟ್ಟಿಯಾಗುತ್ತದೆ. ಬೇರು ಸೀಳಿದ್ದರೆ ಮಾತ್ರ ಇದು ಯಾವುದೂ ನಡೆಯುವುದಿಲ್ಲ. ಖರ್ಚು ಭಾರ ಅನಿಸಿದರೆ ಮೈಸೂರಿನ ಡೆಂಟಲ್ ಕಾಲೇಜುಗಳಲ್ಲಿ ವಿಚಾರಿಸಿ.

ಮಂಡ್ಯದ ಹೈದ:
ಹೋಗಿ ಬಂದೆ. ವಸಡು ಅಳೆದರು, ಎಲ್ಲೂ ಆಳ ಇಲ್ಲ. ಆಮೇಲೆ ಗುಳ್ಳೆಯ ತೂತಿನೊಳಗೆ ತೆಳುವಾದ ಕಿತ್ತಳೆ ಬಣ್ಣದ ರಬ್ಬರಿನಂಥ ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆದರು, ನೋವೇ ಆಗಲಿಲ್ಲ. ಕಡ್ಡಿ ಸೀದಾ ಹೋಗಿ ಮುಂದಿನ ಬೇರಿನ ತುದಿಯಲ್ಲಿ ನಿಂತಿದೆ, ಕೀವು ಬರುವುದು ಅಲ್ಲಿಂದಲೇ ಅಂತೆ. ಸ್ಕ್ಯಾನ್‌ನಲ್ಲಿ ಆ ಬೇರಿನಲ್ಲಿ ಒಂದು ಬಿಳಿ ಚುಕ್ಕೆ, ಪಕ್ಕದಲ್ಲೇ ಒಂದು ಕರಿ ಚುಕ್ಕೆ. ಬಿಳಿ ಚುಕ್ಕೆ ಆಗ ತುಂಬಿದ ಕೆನಾಲ್, ಕರಿ ಚುಕ್ಕೆ ಯಾರೂ ಮುಟ್ಟದ ಕೆನಾಲ್ ಅಂತೆ. ಬುಧವಾರ ಶುರು. ಹಳೇ ಕ್ಯಾಪೇ ಮತ್ತೆ ಕೂರುತ್ತಾ ಡಾಕ್ಟರೇ?

ಹಲ್ಲು ಡಾಕ್ಟರು:
ತೂತು ಮಾಡಿ ಒಳಗೆ ಹೋದರೆ ಉಳಿಯಬಹುದು. ಕೊಯ್ದು ತೆಗೆದರೆ ಹೊಸದೇ. ಅಲ್ಲಿಯವರೆಗೆ ಕಬ್ಬು ಆ ಕಡೆ ಬೇಡ.