ಗೋಧಿ ಹುಲ್ಲಿನ ಎಥೆನಾಲ್: ಸಕ್ಕರೆ ಬಂದಿದೆ, ಯೀಸ್ಟ್ ಏಳುತ್ತಿಲ್ಲ

ಪ್ರಶ್ನೆ
ಪುಡಿ ಮಾಡಿದ ಒಣ ಗೋಧಿ ಹುಲ್ಲು 100 ಗ್ರಾಂ, 2% ಗಂಧಕಾಮ್ಲ 1 ಲೀಟರ್, ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 1 ಗಂಟೆ. ಕಾಸ್ಟಿಕ್ ಸೋಡಾದಿಂದ ಪಿಹೆಚ್ 5ಕ್ಕೆ ತಂದು, ಅದೇ ಪಾತ್ರೆಗೆ ಸೆಲ್ಯುಲೇಸ್ (ಸೆಲ್ಯುಲೋಸನ್ನು ಗ್ಲೂಕೋಸ್ ಸಕ್ಕರೆಯಾಗಿ ಒಡೆಯುವ ಕಿಣ್ವ) ಹಾಕಿ 50 ಡಿಗ್ರಿಯಲ್ಲಿ 72 ಗಂಟೆ ಇಟ್ಟಾಗ ಬ್ರಿಕ್ಸ್ (ಮೀಟರ್ ತೋರಿಸುವ ಸಕ್ಕರೆಯ ಶೇಕಡಾ ಅಂಕಿ) 8 ಬಂತು. ಬೇಕರಿ ಯೀಸ್ಟ್ ಹಾಕಿ 32 ಡಿಗ್ರಿಯಲ್ಲಿ ಎರಡು ದಿನ ಇಟ್ಟರೂ ಒಂದು ಗುಳ್ಳೆ ಇಲ್ಲ. ತಪ್ಪು ಎಲ್ಲಿ?

ಉತ್ತರ 1
ಮೊದಲು ಬ್ರಿಕ್ಸ್ ಅಂಕಿಯನ್ನು ಬದಿಗಿಡಿ. 20 ಗ್ರಾಂ ಆಮ್ಲ ಕಾಸ್ಟಿಕ್ ಜೊತೆ ಸೇರಿದರೆ ಸುಮಾರು 29 ಗ್ರಾಂ ಸೋಡಿಯಂ ಸಲ್ಫೇಟ್ ಆಗುತ್ತದೆ. ಮೀಟರ್ ಅದನ್ನೂ ಸಕ್ಕರೆ ಲೆಕ್ಕಕ್ಕೇ ಸೇರಿಸುತ್ತದೆ.

ಯೀಸ್ಟ್ ಕೂತುಬಿಡಲು ಮುಖ್ಯ ಕಾರಣ ಆಮ್ಲದ ದ್ರವವನ್ನು ಬೇರ್ಪಡಿಸದೇ ಇದ್ದದ್ದು. ಹುಲ್ಲಿನಲ್ಲಿ ಸೆಲ್ಯುಲೋಸ್ ಜೊತೆ ಹೆಮಿಸೆಲ್ಯುಲೋಸ್ ಎಂಬ ಇನ್ನೊಂದು ಅಂಶವಿದೆ, ಅದು ಒಡೆದರೆ ಕ್ಸೈಲೋಸ್ ಎಂಬ ಸಕ್ಕರೆ ಸಿಗುತ್ತದೆ. ಬಿಸಿ ಆಮ್ಲದಲ್ಲಿ ಈ ಕ್ಸೈಲೋಸ್ ಒಡೆದು ಫರ್ಫ್ಯೂರಾಲ್ ಆಗುತ್ತದೆ, ಹೆಮಿಸೆಲ್ಯುಲೋಸ್‌ಗೆ ಅಂಟಿದ ಅಸಿಟೈಲ್ ಗುಂಪುಗಳು ಕಳಚಿ ಅಸಿಟಿಕ್ ಆಮ್ಲವಾಗುತ್ತವೆ. ಎರಡೂ ಯೀಸ್ಟ್ ಅನ್ನು ತಡೆಯುತ್ತವೆ. ಪಿಹೆಚ್ ಕಡಿಮೆಯಾದಷ್ಟೂ ಅಸಿಟಿಕ್ ಆಮ್ಲ ಅಯಾನಾಗದೆ ಉಳಿದು ಸಲೀಸಾಗಿ ಯೀಸ್ಟ್ ಕೋಶದೊಳಕ್ಕೆ ನುಗ್ಗುತ್ತದೆ. ಹಾಗಾಗಿ ಹುದುಗುವಾಗ 5.5 ಒಳ್ಳೆಯದು, 5 ಕಿಣ್ವಕ್ಕೆ ಸರಿ.

ಮುಂದಿನ ಸಲ ಆಟೋಕ್ಲೇವ್ ಆದಮೇಲೆ ಬಟ್ಟೆಯಲ್ಲಿ ಹಿಂಡಿ, ತಿರುಳನ್ನು ತೊಳೆದ ನೀರು ಪಿಹೆಚ್ 5 ದಾಟುವವರೆಗೆ ತೊಳೆಯಿರಿ. ಕಿಣ್ವವನ್ನು ಈ ತಿರುಳಿಗೆ ಮಾತ್ರ ಹಾಕಿ.

ಉತ್ತರ 2
ಹಿಂಡಿದ ದ್ರವವನ್ನು ಚೆಲ್ಲಬೇಡಿ, ಕ್ಸೈಲೋಸ್ ಬಹುಪಾಲು ಇರುವುದು ಅದರಲ್ಲೇ. ಕಾಸ್ಟಿಕ್ ಬದಲು ಸುಣ್ಣ ಬಳಸಿ: ಪಿಹೆಚ್ 10ಕ್ಕೆ ಏರಿಸಿ, 50–60 ಡಿಗ್ರಿಯಲ್ಲಿ ಅರ್ಧ ಗಂಟೆ ಕಲಕಿ, ತಳಕ್ಕಿಳಿದ ಜಿಪ್ಸಮ್ ಸೋಸಿ, ಮತ್ತೆ 5.5ಕ್ಕೆ ಇಳಿಸಿ. ಫರ್ಫ್ಯೂರಾಲ್ ಬಹಳಷ್ಟು ಕಡಿಮೆಯಾಗುತ್ತದೆ. ಅಸಿಟಿಕ್ ಆಮ್ಲ ಮಾತ್ರ ಹಾಗೇ ಉಳಿಯುತ್ತದೆ. 10 ದಾಟಿಸಿದರೆ ಸಕ್ಕರೆಯೂ ಹಾಳು.

ಆದರೆ ಬೇಕರಿ ಯೀಸ್ಟ್ ಕ್ಸೈಲೋಸ್ ಮುಟ್ಟುವುದಿಲ್ಲ. ಅದಕ್ಕೆ ಷೆಫರ್ಸೊಮೈಸಿಸ್ ಸ್ಟಿಪಿಟಿಸ್ ಎಂಬ ಬೇರೆ ಯೀಸ್ಟ್ ಬೇಕು, ಅದೂ ಅತಿ ಕಡಿಮೆ ಗಾಳಿಯಲ್ಲಿ. ಗಾಳಿ ಹೆಚ್ಚಾದರೆ ಮದ್ಯಸಾರದ ಬದಲು ಕೋಶಗಳೇ ಬೆಳೆಯುತ್ತವೆ.

ನಿರೀಕ್ಷೆಯ ಲೆಕ್ಕ ಹೀಗೆ: 100 ಗ್ರಾಂ ಹುಲ್ಲಿನಲ್ಲಿ ಸೆಲ್ಯುಲೋಸ್ 35 ಗ್ರಾಂ ಇದ್ದರೆ, 1.11ರಿಂದ ಗುಣಿಸಿ (ಒಡೆಯುವಾಗ ನೀರು ಸೇರಿ ತೂಕ ಏರುತ್ತದೆ) ಸುಮಾರು 39 ಗ್ರಾಂ ಗ್ಲೂಕೋಸ್, ಅದನ್ನು 0.51ರಿಂದ ಗುಣಿಸಿದರೆ (ಒಂದು ಗ್ರಾಂ ಗ್ಲೂಕೋಸ್‌ಗೆ ಸಿಗಬಹುದಾದ ಗರಿಷ್ಠ ಎಥೆನಾಲ್) 20 ಗ್ರಾಂ ಎಥೆನಾಲ್, ಅಂದರೆ 25 ಮಿ.ಲೀ. ಇದು ಗರಿಷ್ಠ ಮಿತಿ, ಕೈಗೆ ಬರುವುದು ಇದಕ್ಕಿಂತ ಕಡಿಮೆಯೇ.

ಪ್ರಶ್ನೆ ಕೇಳಿದವರು
ಧನ್ಯವಾದ. ತೊಳೆದ ತಿರುಳನ್ನು ಒಣಗಿಸಿ ಇಟ್ಟುಕೊಳ್ಳಬಹುದೇ?

ಉತ್ತರ 1
ದಯವಿಟ್ಟು ಬೇಡ. ಒಣಗಿದರೆ ನಾರಿನ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ, ಮತ್ತೆ ನೆನೆಸಿದರೂ ಪೂರ್ತಿ ತೆರೆಯುವುದಿಲ್ಲ, ಕಿಣ್ವ ಒಳಹೊಗುವುದಿಲ್ಲ. ಹಸಿಯಾಗಿಯೇ ಮುಚ್ಚಿದ ಡಬ್ಬಿಯಲ್ಲಿ 4 ಡಿಗ್ರಿಯಲ್ಲಿಡಿ. ತೇವಾಂಶ ಅಳೆಯಲು ಮಾತ್ರ 5 ಗ್ರಾಂ ತೆಗೆದು 105 ಡಿಗ್ರಿಯಲ್ಲಿ ಒಣಗಿಸಿ. ಕಿಣ್ವದ ಲೆಕ್ಕ ತಿರುಳಿನ ಒಣ ತೂಕದ ಮೇಲೆ, ಆದ್ದರಿಂದ ಆ ಅಳತೆ ಸಿಗದೆ ಕಿಣ್ವದ ಪ್ರಮಾಣ ನಿರ್ಧರಿಸಲು ಹೋಗಬೇಡಿ.