ಐಸಿಂಗ್‌ನಿಂದ ಸ್ಪಿನ್ ಗ್ಲಾಸ್‌ಗೆ: ಎಷ್ಟು ಹೊತ್ತು ಓಡಿಸಬೇಕು, ಫಲಿತಾಂಶವನ್ನು ಯಾವಾಗ ನಂಬಬೇಕು?

ಪ್ರಶ್ನೆ

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗಾಗಿ ಎರಡು ಆಯಾಮದ ಐಸಿಂಗ್ ಮಾದರಿಯನ್ನು (ಜಾಲಕದ ಪ್ರತಿ ತಾಣದಲ್ಲಿ ಮೇಲೆ ಅಥವಾ ಕೆಳಗೆ ಮುಖಮಾಡಿದ ‘ಸ್ಪಿನ್’ ಎಂಬ ಪುಟ್ಟ ಕಾಂತ ಇರುವ ಮಾದರಿ) ಮೆಟ್ರೊಪೊಲಿಸ್ ವಿಧಾನದಲ್ಲಿ, ಅಂದರೆ ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಒಂದೊಂದೇ ಸ್ಪಿನ್ನನ್ನು ತಿರುಗಿಸುತ್ತಾ, ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದೇನೆ. ಜಾಲಕ 64×64. ತಾಪಮಾನ (ಮಾದರಿಯ ಏಕಮಾನದಲ್ಲಿ) 2.269 ದಾಟುವಾಗ ಕಾಂತೀಕರಣ ಸೊನ್ನೆಗೆ ಇಳಿಯಬೇಕಿತ್ತು. ಇಳಿಯುವುದಿಲ್ಲ, ಬಾಲದಂತೆ ಉದ್ದಕ್ಕೆ ಎಳೆಯುತ್ತದೆ. ಪ್ರತಿ ಸಲ ಓಡಿಸಿದಾಗಲೂ ಬೇರೆ ಸಂಖ್ಯೆ ಬರುತ್ತದೆ. ಇದಾದ ಮೇಲೆ ಮೂರು ಆಯಾಮದ ಸ್ಪಿನ್ ಗ್ಲಾಸ್‌ಗೆ (ಸ್ಪಿನ್‌ಗಳ ನಡುವಿನ ಬಂಧಗಳು ಯಾದೃಚ್ಛಿಕವಾಗಿರುವ ಮಾದರಿ) ಹೋಗು ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಎಷ್ಟು ಸುತ್ತು (ಪ್ರತಿ ಸ್ಪಿನ್ನಿಗೂ ತಿರುಗಲು ಒಂದೊಂದು ಅವಕಾಶ ಕೊಟ್ಟರೆ ಒಂದು ಸುತ್ತು) ಓಡಿಸಿದರೆ ಸಾಕು? ಲ್ಯಾಪ್‌ಟಾಪಿನಲ್ಲಿ ಆಗುವ ಕೆಲಸವೇ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಒಬ್ಬ ಸಂಶೋಧಕಿ

ನಿಮ್ಮ ಪ್ರೋಗ್ರಾಂ ಸರಿಯಾಗಿಯೇ ಇರಬಹುದು. 2.269 ಎಂಬುದು ಅನಂತ ಜಾಲಕದ ಕ್ರಾಂತಿಕ ತಾಪಮಾನ. 1944ರಲ್ಲಿ ಲಾರ್ಸ್ ಆನ್ಸಾಗರ್ ಕೊಟ್ಟ ನಿಖರ ಪರಿಹಾರದಿಂದ ಬಂದದ್ದು. ಸೀಮಿತ ಜಾಲಕದಲ್ಲಿ ಆ ತಾಪಮಾನದಲ್ಲಿ ಕಾಂತೀಕರಣದ ಪರಿಮಾಣ ಬದಿಯ ಉದ್ದದ ಎಂಟನೆಯ ಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. 64ರ ಬದಿಗೆ ಅದು ಸುಮಾರು 0.6! ಬದಿಯನ್ನು 128ಕ್ಕೆ ಏರಿಸಿದರೂ ಶೇ 8ರಷ್ಟು ಮಾತ್ರ ತಗ್ಗುತ್ತದೆ. ಆದ್ದರಿಂದ ಆ ಬಾಲವನ್ನು ಅಳಿಸಲು ಹೋಗಬೇಡಿ. ಅದು ಜಾಲಕದ ಗಾತ್ರಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂಬುದರಲ್ಲೇ ಘಾತಾಂಕ (ಆ ಎಂಟನೆಯ ಒಂದರಂಥ ಸಂಖ್ಯೆ) ಅಡಗಿದೆ. 16, 32, 64, 128 ಹೀಗೆ ಹಲವು ಗಾತ್ರಗಳಲ್ಲಿ ಓಡಿಸಿ, ಬೈಂಡರ್ ಅನುಪಾತವನ್ನು (ಕಾಂತೀಕರಣದ ನಾಲ್ಕನೆಯ ಮತ್ತು ಎರಡನೆಯ ಘಾತಗಳ ಸರಾಸರಿಗಳನ್ನು ಹೋಲಿಸುವ ಸಂಖ್ಯೆ) ತಾಪಮಾನದ ಎದುರು ಎಳೆಯಿರಿ. ಶೀತದ ಕಡೆ ಅದು ಮೂರನೆಯ ಎರಡರತ್ತ, ಉಷ್ಣದ ಕಡೆ ಸೊನ್ನೆಯತ್ತ ಹೋಗುತ್ತದೆ. ಆವರ್ತಕ ಅಂಚುಗಳಿರುವ (ಪ್ರತಿ ಅಂಚನ್ನೂ ಎದುರಿನ ಅಂಚಿಗೆ ಜೋಡಿಸಿದ) ಚೌಕ ಜಾಲಕದಲ್ಲಿ ರೇಖೆಗಳು 0.61ರ ಎತ್ತರದಲ್ಲಿ ಒಂದನ್ನೊಂದು ಕತ್ತರಿಸಿದರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

ಇನ್ನು ‘ಎಷ್ಟು ಸುತ್ತು’ ಎಂಬ ಪ್ರಶ್ನೆ. ಇದಕ್ಕೆ ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. ಕ್ರಾಂತಿಕ ಬಿಂದುವಿನಲ್ಲಿ ಮೆಟ್ರೊಪೊಲಿಸ್‌ನ ಸಹಸಂಬಂಧ ಕಾಲ, ಅಂದರೆ ಹಳೆಯ ಸ್ಥಿತಿಯ ನೆನಪು ಅಳಿಯಲು ಬೇಕಾದ ಸುತ್ತುಗಳು, ಬದಿಯ 2.17ನೆಯ ಘಾತದಂತೆ ಬೆಳೆಯುತ್ತದೆ. ಬದಿ ಇಮ್ಮಡಿಯಾದರೆ ಕಾಲ ನಾಲ್ಕೂವರೆ ಪಟ್ಟು. 64ರ ಜಾಲಕದಲ್ಲಿ ಅದು ಸಾವಿರಾರು ಸುತ್ತು. ಹತ್ತು ಲಕ್ಷ ಸುತ್ತು ಓಡಿಸಿ ಹತ್ತು ಲಕ್ಷ ಅಳತೆ ಬರೆದುಕೊಂಡರೂ ಅವುಗಳಲ್ಲಿ ಪರಸ್ಪರ ಸ್ವತಂತ್ರವಾದವು ನೂರೋ ಇನ್ನೂರೋ ಮೀರುವುದಿಲ್ಲ. ಪ್ರತಿ ಸಲ ಬೇರೆ ಸಂಖ್ಯೆ ಬರುವುದು ಅದಕ್ಕೇ.

ನಾನು ವಿದ್ಯಾರ್ಥಿಗಳಿಂದ ಮೊದಲು ಮಾಡಿಸುವ ಕೆಲಸ ಇದು: ಅಳತೆಗಳ ಸಾಲನ್ನು ತೆಗೆದುಕೊಂಡು ಪಕ್ಕಪಕ್ಕದ ಎರಡೆರಡನ್ನು ಸರಾಸರಿ ಮಾಡಿ ಅರ್ಧ ಉದ್ದದ ಹೊಸ ಸಾಲು ಮಾಡಿ, ಅದರಿಂದ ದೋಷವನ್ನು ಲೆಕ್ಕಹಾಕಿ. ಆ ಸಾಲನ್ನೂ ಹಾಗೆಯೇ ಅರ್ಧಕ್ಕಿಳಿಸಿ, ಮತ್ತೆ ದೋಷ ನೋಡಿ. ದೋಷ ಪ್ರತಿ ಹಂತದಲ್ಲೂ ಹಿಗ್ಗುತ್ತಾ ಹೋಗಿ ಒಂದು ಕಡೆ ಸಮತಟ್ಟಾಗುತ್ತದೆ. ನಿಜವಾದ ದೋಷ ಆ ಸಮತಟ್ಟಿನದು. ಅದು ಬಾರದಿದ್ದರೆ ನೀವು ಓಡಿಸಿದ್ದು ಸಾಲದು. ಆಗ ಸರಾಸರಿಯನ್ನು ವರದಿಯಲ್ಲಿ ಬರೆಯಲೇಬಾರದು.

ಒಬ್ಬ ಅಧ್ಯಾಪಕರು

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಶುದ್ಧ ಐಸಿಂಗ್‌ಗೆ ಕ್ರಾಂತಿಕ ಬಿಂದುವಿನ ಬಳಿ ಮೆಟ್ರೊಪೊಲಿಸ್ ಬಿಟ್ಟು 1989ರ ವುಲ್ಫ್ ವಿಧಾನಕ್ಕೆ ಹೋಗಿ. ಒಂದು ಸ್ಪಿನ್ನಿನಿಂದ ಶುರುಮಾಡಿ ಅದೇ ದಿಕ್ಕಿನ ನೆರೆಯ ಸ್ಪಿನ್‌ಗಳನ್ನು ಗುಚ್ಛಕ್ಕೆ ಸೇರಿಸುತ್ತಾ ಹೋಗಿ ಇಡೀ ಗುಚ್ಛವನ್ನು ಒಟ್ಟಿಗೆ ತಿರುಗಿಸುವುದು ಅದರ ಕ್ರಮ. ಎರಡು ಆಯಾಮದ ಕ್ರಾಂತಿಕ ತಾಪಮಾನದಲ್ಲಿ ಸೇರಿಸುವ ಸಂಭವನೀಯತೆ 0.586. ಕಾಯುವ ಕಾಲದ ಬಹುಪಾಲು ಮಾಯವಾಗುತ್ತದೆ.

ಆದರೆ ಯಾದೃಚ್ಛಿಕ ಸಂಖ್ಯೆಗಳನ್ನು ಎಲ್ಲಿಂದ ತರುತ್ತೀರಿ ಎಂಬುದರ ಮೇಲೆ ಕಣ್ಣಿಡಿ. 1992ರಲ್ಲಿ ಫೆರೆನ್‌ಬರ್ಗ್, ಲ್ಯಾಂಡೌ ಮತ್ತು ವಾಂಗ್ ಇದೇ ವುಲ್ಫ್ ವಿಧಾನವನ್ನು ಇದೇ ಎರಡು ಆಯಾಮದ ಐಸಿಂಗ್ ಮೇಲೆ ಓಡಿಸಿ, ಆಗ ಉತ್ತಮವೆಂದು ಹೆಸರಾಗಿದ್ದ ಸಂಖ್ಯಾಜನಕವೊಂದು ಶಕ್ತಿಯ ಬೆಲೆಯನ್ನು ತಪ್ಪಾಗಿ ಕೊಡುತ್ತದೆ ಎಂದು ತೋರಿಸಿದರು. ನಿಖರ ಉತ್ತರ ಗೊತ್ತಿದ್ದುದರಿಂದ ಸಿಕ್ಕಿಬಿತ್ತು. ನಿಮಗೂ ಆ ಅನುಕೂಲ ಇದೆ: 4×4 ಜಾಲಕಕ್ಕೆ ಇರುವುದು 65,536 ಸ್ಥಿತಿಗಳು ಮಾತ್ರ. ಎಲ್ಲವನ್ನೂ ಎಣಿಸಿ ಶಕ್ತಿಯ ನಿಖರ ಸರಾಸರಿ ತೆಗೆದು, ನಿಮ್ಮ ಪ್ರೋಗ್ರಾಂನ ಉತ್ತರದ ಪಕ್ಕದಲ್ಲಿಡಿ. ಇದಾಗದೆ ಮೂರು ಆಯಾಮಕ್ಕೆ ಕಾಲಿಡಬೇಡಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಮೇಡಂ, ಸರ್. ಸ್ಪಿನ್ ಗ್ಲಾಸ್‌ಗೂ ವುಲ್ಫ್ ವಿಧಾನವನ್ನೇ ಹಾಕಬಹುದೇ?

ಸ್ಪಿನ್ ಗ್ಲಾಸ್‌ನಲ್ಲಿ ಕೆಲಸ ಮಾಡಿದ ಒಬ್ಬರು

ಮೂರು ಆಯಾಮದಲ್ಲಿ ಪ್ರಯೋಜನವಿಲ್ಲ. ಸ್ಪಿನ್ ಗ್ಲಾಸ್‌ನ ಮಾದರಿಯಾದ 1975ರ ಎಡ್ವರ್ಡ್ಸ್–ಆಂಡರ್ಸನ್ ಮಾದರಿಯಲ್ಲಿ ಬಂಧಗಳ ಚಿಹ್ನೆ ಅಡ್ಡಾದಿಡ್ಡಿ: ಕೆಲವು ಬಂಧಗಳು ನೆರೆಯ ಸ್ಪಿನ್‌ಗಳು ಒಂದೇ ದಿಕ್ಕಿನಲ್ಲಿರಲಿ ಎನ್ನುತ್ತವೆ, ಕೆಲವು ವಿರುದ್ಧ ದಿಕ್ಕಿನಲ್ಲಿರಲಿ ಎನ್ನುತ್ತವೆ. ಎಲ್ಲ ನೆರೆಯವರನ್ನೂ ಒಟ್ಟಿಗೆ ತೃಪ್ತಿಪಡಿಸಲು ಆಗುವುದಿಲ್ಲ. ಅಲ್ಲಿ ಗುಚ್ಛಗಳು ಸಂಕ್ರಮಣ ತಾಪಮಾನಕ್ಕಿಂತ ಬಹಳ ಮೇಲೆಯೇ ಇಡೀ ಜಾಲಕವನ್ನು ಆವರಿಸಿಬಿಡುತ್ತವೆ. ಅವನ್ನು ತಿರುಗಿಸಿದರೂ ಹೊಸದೇನೂ ಆಗದು.

ನಮಗೆಲ್ಲ ಕೈಹಿಡಿದದ್ದು ಹುಕುಶಿಮಾ ಮತ್ತು ನೆಮೊಟೊ 1996ರಲ್ಲಿ ರೂಪಿಸಿದ ತಾಪಮಾನ ವಿನಿಮಯದ ವಿಧಾನ. ಒಂದೇ ಬಂಧವಿನ್ಯಾಸದ ಹಲವು ಪ್ರತಿಗಳನ್ನು ಹಲವು ತಾಪಮಾನಗಳಲ್ಲಿ ಒಟ್ಟಿಗೆ ಓಡಿಸಿ, ಆಗಾಗ ಅಕ್ಕಪಕ್ಕದ ತಾಪಮಾನಗಳ ಪ್ರತಿಗಳನ್ನು ಅದಲುಬದಲು ಮಾಡಬೇಕು. ಎರಡರ ವಿಲೋಮ ತಾಪಮಾನಗಳ ವ್ಯತ್ಯಾಸವನ್ನು ಶಕ್ತಿಗಳ ವ್ಯತ್ಯಾಸದಿಂದ ಗುಣಿಸಿ. ಗುಣಲಬ್ಧ ಧನವಾದರೆ ಅದಲುಬದಲು ಖಚಿತ, ಋಣವಾದರೆ ಅದರ ಘಾತೀಯದಷ್ಟು ಸಂಭವನೀಯತೆ. ಎರಡೂ ವ್ಯತ್ಯಾಸಗಳನ್ನು ಒಂದೇ ಕ್ರಮದಲ್ಲಿ ಕಳೆಯಿರಿ; ಚಿಹ್ನೆ ತಲೆಕೆಳಗಾದರೂ ಪ್ರೋಗ್ರಾಂ ಏನೂ ಹೇಳದೆ ಓಡುತ್ತಲೇ ಇರುತ್ತದೆ. ಪ್ರತಿಯೊಂದು ಪ್ರತಿಯೂ ಅತಿ ಶೀತದಿಂದ ಅತಿ ಉಷ್ಣಕ್ಕೆ ಹೋಗಿ ಮರಳುತ್ತಿದೆಯೇ ಎಂದೂ ನೋಡಿ. ವಿನಿಮಯದ ಪ್ರಮಾಣ ಚೆನ್ನಾಗಿದ್ದರೂ ಒಂದೇ ಪ್ರತಿ ಕೆಳಗೆ ಬೇರೂರಿರಬಹುದು.

ಸಮತೋಲನ ಬಂದಿದೆಯೇ ಎಂಬುದು ಇಲ್ಲಿನ ನಿಜವಾದ ಸಂಕಟ. ಬಂಧಗಳನ್ನು ಗೌಸಿಯನ್ ವಿತರಣೆಯಿಂದ ಆರಿಸಿ ಎಂದು ನಾನು ಒತ್ತಾಯಿಸುವುದು ಅದಕ್ಕಾಗಿಯೇ. ಅಲ್ಲಿ ಬಂಧ-ಅತಿವ್ಯಾಪ್ತಿಯನ್ನು (ಎರಡು ಪ್ರತಿಗಳಲ್ಲಿ ನೆರೆಯ ಸ್ಪಿನ್ ಜೋಡಿಗಳ ಸಂಬಂಧ ಎಷ್ಟು ಹೋಲುತ್ತದೆ ಎಂಬ ಅಳತೆ) ಎರಡು ದಾರಿಯಲ್ಲಿ ಪಡೆಯಬಹುದು: ಎರಡು ಸ್ವತಂತ್ರ ಪ್ರತಿಗಳನ್ನು ಹೋಲಿಸಿ ನೇರವಾಗಿ, ಮತ್ತು ಸರಾಸರಿ ಶಕ್ತಿಯಿಂದ ಒಂದು ಸೂತ್ರದ ಮೂಲಕ. ಯಾದೃಚ್ಛಿಕ ಸ್ಥಿತಿಯಿಂದ ಹೊರಟರೆ ಮೊದಲನೆಯದು ಕೆಳಗಿನಿಂದ ಏರುತ್ತದೆ, ಎರಡನೆಯದು ಮೇಲಿನಿಂದ ಇಳಿಯುತ್ತದೆ. ಎರಡೂ ಕೂಡಿ ಒಂದಾದ ಮೇಲೆಯೇ ಅಳತೆ ಶುರು. ಪ್ರತಿ ಹಂತದಲ್ಲಿ ಸುತ್ತುಗಳನ್ನು ಇಮ್ಮಡಿ ಮಾಡುತ್ತಾ ಹೋದರೆ ಇದು ಚಿತ್ರದಲ್ಲೇ ಕಾಣುತ್ತದೆ. ಇಷ್ಟು ನಿಚ್ಚಳವಾದ ಪರೀಕ್ಷೆ ಈ ಕ್ಷೇತ್ರದಲ್ಲಿ ಅಪರೂಪ.

ಲ್ಯಾಪ್‌ಟಾಪ್ ಸಾಕೇ ಎಂದರೆ, 4, 6, 8ರ ಬದಿಗಳಿಗೆ ಸಾಕು. ದೊಡ್ಡ ಗಾತ್ರಗಳಿಗೆಂದು ಸ್ಪೇನ್ ಮತ್ತು ಇಟಲಿಯ ವಿಜ್ಞಾನಿಗಳು ಜಾನಸ್ ಎಂಬ ಯಂತ್ರವನ್ನೇ ಪ್ರತ್ಯೇಕವಾಗಿ ಕಟ್ಟಿಕೊಂಡರು. ನಿಮ್ಮ ಮಾರ್ಗದರ್ಶಕರ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಪರಮ್ ಪ್ರವೇಗ’ದಂಥ ಗಣಕದಲ್ಲಿ ಸಮಯ ಸಿಕ್ಕರೆ ಸುಲಭವಾಗಿ ಬಳಸಬಹುದು, ಏಕೆಂದರೆ ಸ್ಯಾಂಪಲ್‌ಗಳು (ಬೇರೆ ಬೇರೆ ಯಾದೃಚ್ಛಿಕ ವಿನ್ಯಾಸಗಳು) ಒಂದನ್ನೊಂದು ಅವಲಂಬಿಸಿಲ್ಲ, ಒಂದೊಂದು ಕೋರ್‌ಗೆ ಒಂದೊಂದನ್ನು ಹಂಚಿದರಾಯಿತು.

ಮತ್ತೊಬ್ಬರು

ನನ್ನ ಅಭಿಪ್ರಾಯ ಬೇರೆ. ಒಂದೇ ವರ್ಷದ ಕೆಲಸವಾದರೆ ಸ್ಪಿನ್ ಗ್ಲಾಸ್‌ಗೆ ಮೊದಲು ಮೂರು ಆಯಾಮದ ದುರ್ಬಲಗೊಳಿಸಿದ ಐಸಿಂಗ್ ಮಾಡಿ, ಅಂದರೆ ಶೇ 20ರಷ್ಟು ತಾಣಗಳಿಂದ ಸ್ಪಿನ್ ತೆಗೆದುಬಿಡಿ. ಬಂಧಗಳ ಚಿಹ್ನೆ ಬದಲಾಗದ ಕಾರಣ ವುಲ್ಫ್ ಇಲ್ಲಿ ಚೆನ್ನಾಗಿ ನಡೆಯುತ್ತದೆ. 1974ರ ಹ್ಯಾರಿಸ್ ನಿಯಮದ ಪ್ರಕಾರ, ಶುದ್ಧ ವ್ಯವಸ್ಥೆಯ ವಿಶಿಷ್ಟೋಷ್ಣದ ಘಾತಾಂಕ ಧನವಾಗಿದ್ದರೆ ಅವ್ಯವಸ್ಥೆ (ಇಲ್ಲಿ ಖಾಲಿ ತಾಣಗಳು) ಕ್ರಾಂತಿಕ ವರ್ತನೆಯನ್ನೇ ಬದಲಿಸುತ್ತದೆ. ಮೂರು ಆಯಾಮದ ಐಸಿಂಗ್‌ಗೆ ಅದು 0.11. ಸಹಸಂಬಂಧ ದೂರದ (ಸ್ಪಿನ್‌ಗಳು ಒಂದಕ್ಕೊಂದು ಸ್ಪಂದಿಸುವ ದೂರ) ಘಾತಾಂಕ 0.63ರಿಂದ 0.68ರ ಆಸುಪಾಸಿಗೆ ಹೋಗುತ್ತದೆ. ಈ ಬದಲಾವಣೆಯನ್ನು ನಿಮ್ಮ ದತ್ತಾಂಶದಲ್ಲೇ ಹುಡುಕುವುದು ಒಳ್ಳೆಯ ಪ್ರಾಜೆಕ್ಟ್.

ಸರಾಸರಿ ಹಾಕುವ ಕ್ರಮವನ್ನೂ ಇಲ್ಲೇ ಕಲಿಯುತ್ತೀರಿ. ಅವ್ಯವಸ್ಥಿತ ವ್ಯವಸ್ಥೆಯಲ್ಲಿ ಕ್ರಾಂತಿಕ ಬಿಂದುವಿನ ಬಳಿ ಒಂದು ಸ್ಯಾಂಪಲಿನಿಂದ ಇನ್ನೊಂದಕ್ಕಿರುವ ಅಂತರ ಜಾಲಕವನ್ನು ದೊಡ್ಡದು ಮಾಡಿದರೂ ಹೋಗುವುದಿಲ್ಲ ಎಂದು 1996ರಲ್ಲಿ ಅಹರೋನಿ ಮತ್ತು ಹ್ಯಾರಿಸ್ ತೋರಿಸಿದ್ದಾರೆ. ಸಮತೋಲನ ಖಚಿತವಾದ ಮೇಲೆ ಒಂದೇ ಸ್ಯಾಂಪಲನ್ನು ತಿಂಗಳುಗಟ್ಟಲೆ ಓಡಿಸುವುದಕ್ಕಿಂತ ಸಾವಿರ ಸ್ಯಾಂಪಲ್‌ಗಳನ್ನು ಸ್ವಲ್ಪಸ್ವಲ್ಪ ಓಡಿಸುವುದು ಲಾಭ. ದೋಷವನ್ನೂ ಸ್ಯಾಂಪಲ್‌ಗಳ ನಡುವಿನ ಚದುರುವಿಕೆಯಿಂದಲೇ ತೆಗೆಯಿರಿ. ಪ್ರತಿ ಸ್ಯಾಂಪಲಿನ ಬೀಜಸಂಖ್ಯೆಯನ್ನು (ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಶುರುಮಾಡುವ ಸಂಖ್ಯೆ) ಕಡತದ ಹೆಸರಿನಲ್ಲೇ ಸೇರಿಸಿಡಿ. ಸಾವಿರದಲ್ಲಿ ಒಂದು ವಿಚಿತ್ರ ಬೆಲೆ ಕೊಟ್ಟಾಗ ಅದೊಂದನ್ನೇ ಮತ್ತೆ ಕಟ್ಟಿ, ಹತ್ತು ಪಟ್ಟು ಹೊತ್ತು ಓಡಿಸಿ ನೋಡಲು ಬೇರೆ ದಾರಿಯಿಲ್ಲ. ಹಾಗೆ ಓಡಿಸಿದ ಮೇಲೂ ಬೆಲೆ ಅದೇ ಇದ್ದರೆ ಆ ಸ್ಯಾಂಪಲನ್ನು ಕೈಬಿಡಬೇಡಿ, ಸರಾಸರಿಯಲ್ಲಿ ಅದೂ ಸೇರಬೇಕು.